ಸುಣ್ಣದ ಡಬ್ಬಿ ಮತ್ತು ನಾಯಿ ಕಡಿತ

ನಾಯಿ ಕಚ್ಚಿ ಎರಡು ನಿಮಿಷ ಆಗಿರಲಿಲ್ಲ, ನಾಲ್ಕು ಔಷಧಿ ಬಂದಿದ್ದವು. ಟೀ ಅಂಗಡಿಯಾಕೆ ಒಳಗಿನಿಂದ ಖಾರದಪುಡಿ ತಂದರು. ಅರಳಿಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು ಎಲೆಅಡಿಕೆ ಚೀಲ ಬಿಚ್ಚಿ, ಸುಣ್ಣದ ಡಬ್ಬಿಯ ಮುಚ್ಚಳ ತೆಗೆದು, ತೋರುಬೆರಳಿನ ತುದಿಯಲ್ಲಿ ಸುಣ್ಣ ಎತ್ತಿಕೊಂಡೇ ಹತ್ತಿರ ಬಂದರು. ಬೈಕು ನಿಲ್ಲಿಸಿದ ಹುಡುಗ ಕಾಫಿಪುಡಿ ಒತ್ತಲು ಹೇಳಿದ. ನಾಲ್ಕನೆಯದು ಚನ್ನರಾಯಪಟ್ಟಣದಿಂದ ಫೋನಿನಲ್ಲೇ ಬಂತು. ನಮ್ಮತ್ತೆ ಅಳುತ್ತಲೇ, ಅಲ್ಲೊಂದು ಹಳ್ಳಿಯಲ್ಲಿ ಸೊಪ್ಪಿನ ಔಷಧಿ ಕೊಡುವವರಿದ್ದಾರೆ, ಬರಿ ಹೊಟ್ಟೆಯಲ್ಲಿ ಕುಡಿಸಬೇಕು, ನಲವತ್ತು ದಿನ ಬದನೆಕಾಯಿ ಮುಟ್ಟಬಾರದು ಎಂದರು. ಅಷ್ಟು ಜನರಲ್ಲಿ ಒಬ್ಬರ ಕೈಯಲ್ಲೂ ಒಂದು ಚೊಂಬು ನೀರಿರಲಿಲ್ಲ.

ಕಚ್ಚಿಸಿಕೊಂಡವನು ನನ್ನ ಬಾಮೈದ. ದಸರಾ ರಜೆಗೆ ಬೆಂಗಳೂರಿನಿಂದ ಬಂದಿದ್ದ, ಜೊತೆಗೆ ಅವನ ಲ್ಯಾಬ್ರಡಾರ್ ಬ್ರೂನೋ. ನಮ್ಮ ಮನೆಯ ನಾಟಿ ನಾಯಿ ಕರಿಯನನ್ನೂ ಕರೆದುಕೊಂಡು ಒಂದಿಡೀ ದಿನ ನೀರಿನ ಪಕ್ಕದಲ್ಲೇ ನಡೆಯೋಣ ಎಂದು ಹಾಸನದಿಂದ ಬೆಳಗ್ಗೆ ಆರಕ್ಕೆ ಹೊರಟಿದ್ದೆವು. ಮೊದಲು ಶೆಟ್ಟಿಹಳ್ಳಿ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ಚರ್ಚು, ಗೊರೂರಿನ ಅಣೆಕಟ್ಟು ಬಂದ ಮೇಲೆ ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುತ್ತದೆ. ಆಶ್ವಯುಜದಲ್ಲಿ ಹೇಮಾವತಿ ತುಂಬಿ ಗೋಡೆಗಳ ಅರ್ಧಕ್ಕೆ ನಿಂತಿದ್ದಳು. ಬ್ರೂನೋ ನೀರಿಗೆ ಬಿದ್ದ, ಕರಿಯ ದಡದಲ್ಲೇ ನಿಂತು ಅವನನ್ನು ಬೈದ. ಅಲ್ಲಿಂದ ಗೊರೂರು, ಅರಕಲಗೂಡು ದಾಟಿ ರಾಮನಾಥಪುರದಲ್ಲಿ ಕಾವೇರಿ. ವಹ್ನಿ ಪುಷ್ಕರಿಣಿಯ ಮೀನುಗಳಿಗೆ ಪುರಿ ಹಾಕುವವರ ಗದ್ದಲದಿಂದ ದೂರ ಹೋಗಿ, ಹೊಳೆಯಂಚಿನ ಬಿದಿರಿನ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಸಂಜೆ ಹೊಳೆನರಸೀಪುರದಲ್ಲಿ ಮತ್ತೆ ಹೇಮಾವತಿಯ ದಡ, ನರಸಿಂಹಸ್ವಾಮಿ ದೇವಸ್ಥಾನದ ದೀಪ ಹಚ್ಚುವ ಹೊತ್ತಿಗೆ ವಾಪಸ್ಸು ಎಂಬುದು ಲೆಕ್ಕ. ಲೆಕ್ಕ ತಪ್ಪಿದ್ದು ನಡುವಿನ ಟೀ ಅಂಗಡಿಯಲ್ಲಿ.

ತಪ್ಪು ನಮ್ಮದೇ. 'ಕಾರ್ತೀಕದ ನಾಯಿ' ಎಂಬ ಬೈಗುಳ ಎಲ್ಲರ ಬಾಯಲ್ಲೂ ಇದೆ, ಅದರೊಳಗಿನ ಮಾಹಿತಿ ಯಾರಿಗೂ ಬೇಡ. ಮಳೆಗಾಲ ಮುಗಿಯುತ್ತಿದ್ದಂತೆ ನಮ್ಮ ಬೀದಿನಾಯಿಗಳಿಗೆ ಬೆದೆಯ ಕಾಲ ಶುರು. ಒಂದು ಹೆಣ್ಣಿನ ಹಿಂದೆ ಆರೇಳು ಗಂಡು, ಅವುಗಳೊಳಗೇ ಜಗಳ, ಹೊಸ ಗಂಡುನಾಯಿ ಬಂತೆಂದರೆ ಎಲ್ಲವೂ ಒಂದಾಗಿ ಅದರ ಮೇಲೆ. ಅಂಥ ಗುಂಪಿನ ನಡುವೆ ಲ್ಯಾಬ್ರಡಾರನ್ನು ಚೈನು ಹಿಡಿದು ನಿಲ್ಲಿಸಿ ಬನ್ ತಿನ್ನುವುದು ಜಾಣರ ಕೆಲಸವಲ್ಲ. ಬ್ರೂನೋನನ್ನು ಎತ್ತಿಕೊಳ್ಳಲು ಬಾಗಿದವನ ಮೀನಖಂಡಕ್ಕೆ ಕೆಂದನೆಯ ನಾಯಿಯೊಂದು ಬಾಯಿ ಹಾಕಿ ಓಡಿತು. ಎರಡು ಹಲ್ಲಿನ ತೂತು, ಪಕ್ಕದಲ್ಲಿ ಒಂದು ತರಚು, ಇಷ್ಟೇ ಇಷ್ಟು ರಕ್ತ.

ಅಂಗಡಿಯ ಹಿಂದೆ ನಲ್ಲಿ ಇತ್ತು. ಪಾತ್ರೆ ತೊಳೆಯುವ ಸೋಪಿನ ತುಂಡು ಕೇಳಿ ಪಡೆದೆ. ಅವನ ಕಾಲನ್ನು ನಲ್ಲಿಯ ಕೆಳಗಿಟ್ಟು ತೊಳೆಯತೊಡಗಿದೆ. ಮೂರು ನಿಮಿಷಕ್ಕೆ ಜನ 'ಸಾಕು ಬಿಡಿ ಸಾರ್, ರಕ್ತ ನಿಂತೋಯ್ತು' ಎಂದರು. ಆರು ನಿಮಿಷಕ್ಕೆ ನಕ್ಕರು. ಹತ್ತು ನಿಮಿಷಕ್ಕೆ ಸುಣ್ಣದ ಹಿರಿಯರಿಗೆ ನಿಜಕ್ಕೂ ಸಿಟ್ಟು ಬಂತು. ಬೆರಳ ತುದಿಯ ಸುಣ್ಣ ಅಷ್ಟರಲ್ಲಿ ಒಣಗಿ ಬಿರುಕು ಬಿಟ್ಟಿತ್ತು. 'ನಮ್ ತಾತನ ಕಾಲ್ದಿಂದ ಇದೇ ಹಚ್ಚೋದು. ಇಪ್ಪತ್ತು ಜನಕ್ಕೆ ಹಚ್ಚಿವ್ನಿ ನಾನೇ. ಒಬ್ಬನಾದ್ರೂ ಸತ್ತವ್ನಾ ಕೇಳಿ?'

ಗಡಿಯಾರ ನೋಡಿ ಹದಿನೈದು ನಿಮಿಷ ತುಂಬುವವರೆಗೂ ನಾನು ನಲ್ಲಿ ನಿಲ್ಲಿಸಲಿಲ್ಲ. ಅವರ ಪ್ರಶ್ನೆಗೆ ಅಲ್ಲಿ ಉತ್ತರ ಕೊಡಲಾಗಲಿಲ್ಲ, ಇಲ್ಲಿ ಕೊಡುತ್ತೇನೆ.

ರೇಬೀಸ್ ವೈರಾಣು ನಾಯಿಯ ಜೊಲ್ಲಿನಲ್ಲಿ ಬಂದು ಗಾಯದಲ್ಲಿ ಕೂರುತ್ತದೆ. ರಕ್ತದಲ್ಲಿ ಹರಿದು ಮೈಯೆಲ್ಲ ಏರುವ ಹಾವಿನ ವಿಷದಂಥದ್ದಲ್ಲ ಅದು. ಗಾಯದ ಸುತ್ತಲಿನ ಮಾಂಸಖಂಡದಲ್ಲಿ ಸ್ವಲ್ಪ ಕಾಲ ಇದ್ದು, ನರದ ತುದಿ ಸಿಕ್ಕಿದಾಗ ಒಳಗೆ ನುಗ್ಗಿ, ಆ ನರದ ದಾರಿಯಲ್ಲೇ ನಿಧಾನವಾಗಿ ಮಿದುಳಿನತ್ತ ಹತ್ತುತ್ತದೆ. ಆದ್ದರಿಂದಲೇ ಕಾಯಿಲೆ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಬೇಕು, ಕೆಲವೊಮ್ಮೆ ವರ್ಷವೂ ದಾಟುತ್ತದೆ. ಮುಖಕ್ಕೋ ಕತ್ತಿಗೋ ಕಚ್ಚಿದರೆ ದಾರಿ ಚಿಕ್ಕದು, ಮಕ್ಕಳಿಗೆ ಹೆಚ್ಚಾಗಿ ಕಚ್ಚುವುದು ಅಲ್ಲಿಗೇ. ಈ ವೈರಾಣುವಿನ ಹೊರಮೈ ಕೊಬ್ಬಿನ ಪದರ. ತುಪ್ಪದ ಪಾತ್ರೆಗೆ ಸೋಪು ಏನು ಮಾಡುತ್ತದೋ ಇದಕ್ಕೂ ಅದನ್ನೇ ಮಾಡುತ್ತದೆ. ಪದರ ಕರಗಿದರೆ ವೈರಾಣು ಕೆಲಸಕ್ಕೆ ಬಾರದು. ಉಳಿದದ್ದನ್ನು ಹರಿಯುವ ನೀರು ಕೊಚ್ಚಿಕೊಂಡು ಹೋಗುತ್ತದೆ. ಹದಿನೈದು ನಿಮಿಷ ಎಂಬುದು ನನ್ನ ಹಟವಲ್ಲ, ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ.

ಸುಣ್ಣವೂ ಖಾರದಪುಡಿಯೂ ಮಾಡುವುದು ಬೇರೆ. ಚರ್ಮ ಸುಡುತ್ತದೆ, ಉರಿಯುತ್ತದೆ. ಉರಿಯುವುದೇ ಔಷಧಿ ಹಿಡಿಯುತ್ತಿರುವ ಗುರುತು ಎಂದು ನಮ್ಮವರು ನಂಬಿದ್ದಾರೆ. ಕೆರಳಿದ ಗಾಯದಲ್ಲಿ ವೈರಾಣುವಿಗೆ ನರದ ದಾರಿ ಇನ್ನಷ್ಟು ಸುಲಭ. ಅದಕ್ಕಿಂತ ದೊಡ್ಡ ಕೇಡೆಂದರೆ, ಒಮ್ಮೆ ಮೆತ್ತಿದ ಮೇಲೆ ಯಾರೂ ತೊಳೆಯುವುದಿಲ್ಲ. 'ಔಷಧಿ ತೊಳೆದುಹೋಗುತ್ತೆ' ಎಂದು ಬಟ್ಟೆ ಕಟ್ಟಿ ಮೂರು ದಿನ ನೀರು ಸೋಕಿಸುವುದಿಲ್ಲ. ವೈರಾಣುವಿಗೆ ಬೇಕಾದದ್ದೂ ಅಷ್ಟೇ.

ಇನ್ನು ಆ ಇಪ್ಪತ್ತು ಜನ. ಹಿರಿಯರು ಸುಳ್ಳು ಹೇಳಲಿಲ್ಲ. ಇಪ್ಪತ್ತೂ ಜನ ಬದುಕಿರಬಹುದು. ಆದರೆ ಬೀದಿಯಲ್ಲಿ ಕಚ್ಚುವ ನಾಯಿಗಳಲ್ಲಿ ಬಹುಪಾಲಿಗೆ ರೇಬೀಸ್ ಇರುವುದೇ ಇಲ್ಲ. ಹೆದರಿ ಕಚ್ಚಿದವು, ಮರಿ ಕಾಯುತ್ತ ಕಚ್ಚಿದವು, ನಮ್ಮ ಕೆಂದನೆಯ ನಾಯಿಯ ಹಾಗೆ ಬೆದೆಯ ಜಗಳದಲ್ಲಿ ಕಚ್ಚಿದವು. ರೇಬೀಸ್ ಇದ್ದ ನಾಯಿ ಕಚ್ಚಿದರೂ ಪ್ರತಿ ಕಡಿತವೂ ಕಾಯಿಲೆಯಾಗುವುದಿಲ್ಲ. ಹೀಗಿರುವಾಗ ಸುಣ್ಣದ ಬದಲು ಅಕ್ಕಿಹಿಟ್ಟು ಹಚ್ಚಿದ್ದರೂ, ಏನನ್ನೂ ಹಚ್ಚದೆ ಮನೆಗೆ ಕಳಿಸಿದ್ದರೂ ಆ ಇಪ್ಪತ್ತರಲ್ಲಿ ಹೆಚ್ಚುಕಡಿಮೆ ಅಷ್ಟೇ ಜನ ಉಳಿಯುತ್ತಿದ್ದರು. ಸುಣ್ಣಕ್ಕೆ ಸಿಕ್ಕಿದ್ದು ಪುಕ್ಕಟೆ ಪದವಿ. ಸೊಪ್ಪಿನ ಔಷಧಿಯವರದ್ದೂ ಇದೇ ಕಥೆ. ಬದುಕಿದವರು ಮುಂದಿನ ವರ್ಷ ಬಾಳೆಗೊನೆ ತಂದು ಕೈಮುಗಿದು, ಊರೆಲ್ಲ ಹೇಳುತ್ತಾರೆ. ಸತ್ತವನು ಬಂದು ಸಾಕ್ಷಿ ಹೇಳುವುದಿಲ್ಲ. ಅವನು ಸಾಯುವುದೂ ಮೂರು ತಿಂಗಳು ಕಳೆದ ಮೇಲೆ, ಊರು ಕಡಿತವನ್ನು ಮರೆತಾಗ. ಯಾರಿಗಾದರೂ ನೆನಪಾದರೆ 'ಪಥ್ಯ ಮುರಿದ, ಬದನೆಕಾಯಿ ತಿಂದ' ಎಂಬ ಉತ್ತರ ಮೊದಲೇ ಸಿದ್ಧ. ಪಥ್ಯ ಇಟ್ಟಿರುವುದೇ ಅದಕ್ಕೆ ಎಂದು ನನ್ನ ಗುಮಾನಿ.

ಕಾಯಿಲೆ ಕಾಣಿಸಿಕೊಂಡ ಮೇಲೆ ಮಾತ್ರ ಉಳಿಸುವ ಮದ್ದು ಯಾವ ಆಸ್ಪತ್ರೆಯಲ್ಲೂ ಇಲ್ಲ. ಬದುಕಿ ಉಳಿದವರು ಇಡೀ ಜಗತ್ತಿನಲ್ಲಿ ಬೆರಳೆಣಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ವರ್ಷಕ್ಕೆ ಸುಮಾರು 59,000 ಜನ ಇದರಿಂದ ಸಾಯುತ್ತಾರೆ, ಅವರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ನಮ್ಮ ದೇಶದವರು. 1885ರ ಜುಲೈನಲ್ಲಿ ಲೂಯಿ ಪಾಶ್ಚರ್ ಒಂಬತ್ತು ವರ್ಷದ ಹುಡುಗನಿಗೆ ಲಸಿಕೆ ಕೊಟ್ಟು ಉಳಿಸಿದಾಗಿನಿಂದ ತಡೆಯಬಹುದಾದ ಸಾವು ಇದು. ಕಾಯಿಲೆಯನ್ನು ಮೊದಲೇ ತಡೆಯಬೇಕು ಎಂಬುದನ್ನು ಹಾಸನದ ಆಲೂಗಡ್ಡೆ ಬೆಳೆಗಾರನಿಗೆ ಬಿಡಿಸಿ ಹೇಳಬೇಕಾದ್ದೇ ಇಲ್ಲ. ಅಂಗಮಾರಿಗೆ ಎಲೆ ಕಪ್ಪಾಗುವ ಮೊದಲೇ ಔಷಧಿ ಹೊಡೆಯಬೇಕು, ಹೊಲವೆಲ್ಲ ಕರಕಲಾದ ಮೇಲೆ ಡ್ರಮ್ಮು ತಂದರೆ ಕೂಲಿ ದಂಡ ಎಂದು ಅವನಿಗೆ ಗೊತ್ತು. ಅದೇ ಮನುಷ್ಯ ಮಗನಿಗೆ ನಾಯಿ ಕಚ್ಚಿದಾಗ 'ಹತ್ತು ದಿನ ನೋಡೋಣ, ನಾಯಿ ಸತ್ರೆ ಆಮೇಲೆ ಇಂಜೆಕ್ಷನ್' ಎನ್ನುತ್ತಾನೆ.

ಆ ಹತ್ತು ದಿನದ ಮಾತು ಅರ್ಧ ಸತ್ಯ, ಅದಕ್ಕೇ ಅಪಾಯದ್ದು. ಕಚ್ಚಿದ ನಾಯಿ ಹತ್ತು ದಿನದ ನಂತರವೂ ಗಟ್ಟಿಯಾಗಿದ್ದರೆ ಕಚ್ಚುವಾಗ ಅದರ ಜೊಲ್ಲಿನಲ್ಲಿ ವೈರಾಣು ಇರಲಿಲ್ಲ ಎಂದರ್ಥ. ಸರಿ. ಆದರೆ ಇಂಜೆಕ್ಷನ್ ಮೊದಲ ದಿನವೇ ಶುರುವಾಗಬೇಕು. ನಾಯಿ ಗಟ್ಟಿಯಾಗಿದ್ದರೆ ಉಳಿದದ್ದನ್ನು ನಿಲ್ಲಿಸಬಹುದೋ ಇಲ್ಲವೋ ಎಂದು ಡಾಕ್ಟರು ಹೇಳುತ್ತಾರೆ. ನಮ್ಮ ಕೆಂದನೆಯದಂತೂ ಯಾವ ಬೇಲಿ ನುಸಿಯಿತೋ, ಹತ್ತು ದಿನ ನೋಡಿಕೊಳ್ಳುವವರು ಯಾರು?

ಇಂಜೆಕ್ಷನ್ ಎಂದೊಡನೆ ಹೊಕ್ಕುಳ ಸುತ್ತ ಹದಿನಾಲ್ಕು ಎಂದು ಬೆವರುವವರು ಇನ್ನೂ ಇದ್ದಾರೆ. ಅದು ಕುರಿಯ ಮಿದುಳಿನಿಂದ ಮಾಡುತ್ತಿದ್ದ ಹಳೆಯ ಲಸಿಕೆ, ಡೇವಿಡ್ ಸೆಂಪಲ್ ಕಸೌಲಿಯಲ್ಲಿ ರೂಪಿಸಿದ್ದು. ನಮ್ಮ ದೇಶ ಅದನ್ನು ಕೈಬಿಟ್ಟದ್ದು 2004ರಲ್ಲಿ. ಈಗ ಸರ್ಕಾರಿ ಆಸ್ಪತ್ರೆಯಲ್ಲಿ ತೋಳಿನ ಚರ್ಮದೊಳಕ್ಕೆ ಸಣ್ಣ ಸೂಜಿ: ಮೊದಲ ದಿನ, ಆಮೇಲೆ ಮೂರನೇ, ಏಳನೇ, ಇಪ್ಪತ್ತೆಂಟನೇ ದಿನ. ರಕ್ತ ಬಂದ ಗಾಯವಾದರೆ ಮೊದಲ ದಿನ ಗಾಯದ ಒಳಗೂ ಸುತ್ತಲೂ ಇಮ್ಯುನೊಗ್ಲಾಬ್ಯುಲಿನ್ ತುಂಬುತ್ತಾರೆ. ಲಸಿಕೆಯಿಂದ ಮೈ ಸಜ್ಜಾಗಲು ವಾರಕ್ಕಿಂತ ಹೆಚ್ಚು ಬೇಕಲ್ಲ, ಅಷ್ಟರವರೆಗಿನ ಕಾವಲು ಅದು. ನೋಯುತ್ತದೆ. ಬಾಮೈದ ಕೂಗಿದ್ದು ವಾರ್ಡಿಗೆಲ್ಲ ಕೇಳಿತು.

ಮಿಕ್ಕವು ಒಂದೊಂದು ಮಾತಿನಲ್ಲಿ. ಮರಿ ಕಚ್ಚಿದರೆ ಏನೂ ಆಗುವುದಿಲ್ಲ ಎನ್ನುತ್ತಾರೆ, ಆಗುತ್ತದೆ. ಸಾಕಿದ ನಾಯಿಗೆ ರೇಬೀಸ್ ಬರುವುದಿಲ್ಲ ಎನ್ನುತ್ತಾರೆ, ಲಸಿಕೆ ತಪ್ಪಿದರೆ ಅದಕ್ಕೂ ಬರುತ್ತದೆ. ಬಾಲ ಅಲ್ಲಾಡಿಸುವ ನಾಯಿ ಕಚ್ಚುವುದಿಲ್ಲ ಎಂಬ ನಂಬಿಕೆಗೆ ಬಾಮೈದನ ಮೀನಖಂಡವೇ ಉತ್ತರ, ಆ ನಾಯಿಯ ಬಾಲ ಕೊನೆಯವರೆಗೂ ಅಲ್ಲಾಡುತ್ತಿತ್ತು. ರಾತ್ರಿ ನಾಯಿ ಊಳಿಟ್ಟರೆ ಯಮ ಕಂಡಿದ್ದಾನೆ ಎನ್ನುತ್ತಾರೆ, ಅದಕ್ಕೆ ಕಂಡಿರುವುದು, ಅಂದರೆ ಕೇಳಿರುವುದು, ಪಕ್ಕದ ಬೀದಿಯ ನಾಯಿ. ಹುಚ್ಚುನಾಯಿ ಎಂದರೆ ಜೊಲ್ಲು ಸುರಿಸುತ್ತ ಊರೆಲ್ಲ ಓಡುವುದೇ ಎಂಬುದನ್ನು ಮಾತ್ರ ಒಂದೇ ಮಾತಿನಲ್ಲಿ ಬಿಡಲಾರೆ. ಸುಮ್ಮನೆ ಮೂಲೆ ಹಿಡಿಯುವ ರೇಬೀಸ್ ಕೂಡ ಇದೆ. ದವಡೆ ಜೋತುಬೀಳುತ್ತದೆ, ನುಂಗಲಾಗುವುದಿಲ್ಲ. ಗಂಟಲಲ್ಲಿ ಮೂಳೆ ಸಿಕ್ಕಿದೆ ಎಂದು ಮನೆಯವರು ಬಾಯೊಳಗೆ ಕೈ ಹಾಕುತ್ತಾರೆ. ಪ್ರೀತಿಯಿಂದಲೇ ಹಾಕುತ್ತಾರೆ.

ನಾಯಿಗಳನ್ನು ದೂರುತ್ತಿಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಾವಿರ ವರ್ಷಗಳ ಹಿಂದೆಯೇ, 949-50ರಲ್ಲಿ, ಹಂದಿಯೊಡನೆ ಹೋರಾಡಿ ಸತ್ತ 'ಕಾಳಿ' ಎಂಬ ನಾಯಿಗೆ ಕಲ್ಲು ನಿಲ್ಲಿಸಿದ ನಾಡು ಇದು. ಅದಕ್ಕೂ ಮುನ್ನ ರಾಜ ಮೆಚ್ಚಿ ಏನು ಬೇಕು ಎಂದಾಗ ಮಣಲೆರನೆಂಬ ವೀರ ಕೇಳಿದ್ದು ಆ ನಾಯಿಯನ್ನು. ನಾಯಿಯ ಮೇಲೆ ಅಷ್ಟು ಅಕ್ಕರೆ ಇರುವವರಿಗೆ ವರ್ಷಕ್ಕೊಂದು ಲಸಿಕೆ ಹಾಕಿಸಲು ಪುರುಸೊತ್ತಿಲ್ಲ ಎಂಬುದೇ ನನ್ನ ತಕರಾರು.

ಓದಿದವರೂ ಹೀಗೆಯೇ ಎಂಬುದು ಇನ್ನೊಂದು. ಬಾಮೈದ ಸಾಫ್ಟ್‌ವೇರಿನವನು, ಒಂದು ಮೊಬೈಲು ಕೊಳ್ಳಲು ಹದಿನೈದು ದಿನ ರಿವ್ಯೂ ಓದುತ್ತಾನೆ. ಅವನು ಕೂಡ ಕಾರು ಹತ್ತುವಾಗ ಮೆಲ್ಲಗೆ 'ಭಾವ, ಇಂಜೆಕ್ಷನ್ ಹೆಂಗೂ ತಗೋತೀನಿ, ಅಮ್ಮ ಹೇಳಿದ್ದನ್ನೂ ಒಂದು ಸಲ ಕುಡಿದುಬಿಡಲಾ, ಕಳಕೊಳ್ಳೋದೇನು?' ಎಂದ. ಕಳೆದುಕೊಳ್ಳುವುದು ಇದೆ. ಇಂಜೆಕ್ಷನ್ ಅವನನ್ನು ಉಳಿಸುತ್ತದೆ, ಹೆಸರು ಸೊಪ್ಪಿಗೆ ಹೋಗುತ್ತದೆ. ಅತ್ತೆ ಅದನ್ನು ಹತ್ತು ಮನೆಗೆ ಹೇಳುತ್ತಾರೆ. ಹನ್ನೊಂದನೆಯ ಮನೆಯವರು ಸೊಪ್ಪನ್ನಷ್ಟೇ ಕುಡಿದು ಆಸ್ಪತ್ರೆಗೆ ಹೋಗದೆ ಮನೆಯಲ್ಲೇ ಕೂರುತ್ತಾರೆ.

ಹೊಳೆನರಸೀಪುರದ ಹೊಳೆದಂಡೆ ಆ ಸಂಜೆ ಸಿಗಲಿಲ್ಲ. ಆಸ್ಪತ್ರೆಯ ಹೊರಗೆ ಕಾರಿನಲ್ಲಿ ಬ್ರೂನೋ, ಕರಿಯ ಇಬ್ಬರ ಮೈಯಿಂದಲೂ ಉಣ್ಣೆ ಹೆಕ್ಕುತ್ತ ಕೂತಿದ್ದೆ. ಕರಿಯನ ಲಸಿಕೆಯ ಚೀಟಿ ತೆಗೆದು ನೋಡಿದರೆ, ಇಷ್ಟೆಲ್ಲ ಮಾತಾಡುವ ನನ್ನದೇ ನಾಯಿಗೆ ಎರಡು ತಿಂಗಳು ಮೀರಿತ್ತು. ಮರುದಿನ ಹಾಕಿಸಿದೆ. ನಿಮ್ಮ ಮನೆಯ ಚೀಟಿಯ ತಾರೀಖನ್ನೂ ಇವತ್ತೇ ಒಮ್ಮೆ ನೋಡಿ.