ಅಂಗಳದ ಬೇವು, ಮನೆಯ ಹೊರಸು

ಮುಂಗಾರಿನ ಬಿರುಗಾಳಿಗೆ ಹಿತ್ತಲಿನ ಬೇವೋ ಹೊಲದ ಬದುವಿನ ಜಾಲಿಯೋ ಉರುಳಿತೆಂದರೆ ಇಂದು ನಮ್ಮ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ 'ಇದನ್ನು ಯಾರು ಕೊಳ್ಳುತ್ತಾರೆ?' ಎಂಬುದು. ನಾಲ್ಕು ದಿನಗಳಲ್ಲಿ ಅದು ತೂಕದ ಲೆಕ್ಕದಲ್ಲಿ ಇಟ್ಟಿಗೆಯ ಭಟ್ಟಿಯನ್ನು ಸೇರುತ್ತದೆ. ಹಿರಿಯರು ನೆಟ್ಟು, ಮೂರು ತಲೆಮಾರಿಗೆ ನೆರಳಿತ್ತ ಮರ ಬೂದಿಯಾಗುತ್ತಿರುವಾಗಲೇ ಅದೇ ಮನೆಗೆ ಪಟ್ಟಣದಿಂದ ಮಂಚವೊಂದು ಬರುತ್ತದೆ. ಅದು ಮರದ ಹೊಟ್ಟನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆಯದು. ನೀರು ತಾಗಿದರೆ ಉಬ್ಬುತ್ತದೆ, ಒಮ್ಮೆ ಸಡಿಲಾದ ತಿರುಪು ಮತ್ತೆ ನಿಲ್ಲದು. ಇದ್ದುದನ್ನು ಸುಟ್ಟು ಇಲ್ಲದುದನ್ನು ಸಾಲಮಾಡಿ ತರುವ ಈ ವ್ಯವಹಾರವನ್ನು ಓದುಗ ಬಂಧುಗಳು ಒಮ್ಮೆ ವಿಚಾರಿಸಿ ನೋಡಬೇಕೆಂಬುದು ನಮ್ಮ ವಿನಂತಿ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸುತ್ತೇವೆ. ಮಂಚಕ್ಕಾಗಿ ಹಸಿರು ಮರವನ್ನು ಕಡಿಯಿರೆಂದು ನಾವು ಹೇಳುತ್ತಿಲ್ಲ. ಸ್ವಂತ ಭೂಮಿಯ ಮರವನ್ನು ಕಡಿಯುವುದಕ್ಕೂ, ವಿನಾಯಿತಿ ಪಡೆದ ಕೆಲವು ಜಾತಿಗಳ ಹೊರತು, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಪೂರ್ವಾನುಮತಿ ಬೇಕು. ಅರಣ್ಯದ ಮರವನ್ನಂತೂ ಮುಟ್ಟಲಾಗದು. ಗಾಳಿಗೆ ಬಿದ್ದುದು, ಒಣಗಿ ನಿಂತುದು, ಸವರಿದ ದಪ್ಪ ಕೊಂಬೆ ಇವೇ ಒಂದು ಮನೆಯ ಅಗತ್ಯಕ್ಕೆ ಸಾಕು. ಒಣಗಿ ನಿಂತುದನ್ನು ಉರುಳಿಸುವ ಮುನ್ನವೂ ಅರಣ್ಯ ಕಚೇರಿಯಲ್ಲಿ ವಿಚಾರಿಸುವುದು ಲೇಸು.

ಬಿದ್ದ ಮರವನ್ನು ಬಿಸಿಲಿನಲ್ಲಿ ಇಡಿಯಾಗಿ ಬಿಟ್ಟರೆ ಅದು ಸೀಳುತ್ತದೆ. ಮರದ ತೇವ ಸುಮಾರು ಶೇಕಡಾ 30ಕ್ಕಿಂತ ಕೆಳಗಿಳಿದ ಮೇಲೆ ಅದು ಕುಗ್ಗತೊಡಗುತ್ತದೆ. ಉದ್ದದಲ್ಲಿ ಬಹುತೇಕ ಕುಗ್ಗದು, ಆದರೆ ನಡುವಿನಿಂದ ಹೊರಮೈಯತ್ತ ಕುಗ್ಗುವುದಕ್ಕಿಂತ ಬೆಳವಣಿಗೆಯ ಉಂಗುರಗಳ ಗುಂಟ ಕುಗ್ಗುವುದು ಸುಮಾರು ಇಮ್ಮಡಿ. ಈ ಅಸಮಾನತೆಯೇ ಬಿರುಕಿಗೆ ಮೂಲ. ಆದುದರಿಂದ ದಿಮ್ಮಿಯನ್ನು ಬೇಗನೆ ತಿರುಳಿನ ನಡುವೆ ಸೀಳಿಸಿ, ತುದಿಗಳಿಗೆ ಬಣ್ಣವನ್ನೋ ಮೇಣವನ್ನೋ ಬಳಿದು, ಹಲಗೆಗಳ ನಡುವೆ ಸಮನಾದ ಪಟ್ಟಿಗಳನ್ನಿಟ್ಟು, ನೆಲಕ್ಕೆ ತಾಗದಂತೆ ನೆರಳಿನಲ್ಲಿ ಒಟ್ಟಬೇಕು. ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷವೆಂಬುದು ಹಳೆಯ ಅಂದಾಜು; ಬಯಲುಸೀಮೆಯ ಒಣಹವೆಯಲ್ಲಿ ಅದಕ್ಕಿಂತ ಬೇಗ ಒಣಗುವುದುಂಟು. ಜಾಲಿಯ ಹೊರಗಿನ ಬಿಳಿಯ ಭಾಗಕ್ಕೆ ಹುಳು ಬೀಳುತ್ತದೆ. ಅದನ್ನು ಕೆತ್ತಿ ತೆಗೆದು ಒಳಗಿನ ಕೆಂಗಂದು ಚೇಗನ್ನೇ ಬಳಸಬೇಕು. ಕಹಿ ಗುಣದಿಂದಾಗಿ ಬೇವಿನ ಚೇಗನ್ನು ಗೆದ್ದಲು ಸುಲಭವಾಗಿ ಮುಟ್ಟದು.

ಹೊಸದಾಗಿ ಕಲಿಯುವವರಿಗೆ ಹೊರಸಿಗಿಂತ ಒಳ್ಳೆಯ ಪಾಠವಿಲ್ಲ. ನಾಲ್ಕು ಕಾಲು, ಎರಡು ಉದ್ದ ಪಟ್ಟಿ, ಎರಡು ಗಿಡ್ಡ ಪಟ್ಟಿ, ಇಷ್ಟೇ ಅದರ ಸಂಸಾರ. ಬಾಚಿ, ಗರಗಸ, ಉಳಿ, ಕೊಡತಿ, ಬೈರಿಗೆ ಇದ್ದರೆ ಕೆಲಸ ಸಾಗುತ್ತದೆ. ಪಟ್ಟಿಗಳ ತುದಿಯನ್ನು ಕಿರಿದಾಗಿ ಕೆತ್ತಿ ಕಾಲಿನ ತೂತಿನಲ್ಲಿ ಬಿಗಿಯಾಗಿ ಕೂಡಿಸುವುದೇ ಇದರ ಮರ್ಮ. ಪಟ್ಟಿ ಚೆನ್ನಾಗಿ ಒಣಗಿರಬೇಕು, ಕಾಲಿನಲ್ಲಿ ಮಾತ್ರ ತುಸು ಹಸಿ ಉಳಿದಿರಬೇಕು. ಕಾಲು ಆರಿದಂತೆಲ್ಲ ತೂತು ಕುಗ್ಗಿ ಪಟ್ಟಿಯ ತುದಿಯನ್ನು ಅಪ್ಪಿ ಹಿಡಿಯುತ್ತದೆ. ಕಾಲು ಪೂರ್ತಿ ಹಸಿಯಿದ್ದರೆ ಸೀಳುತ್ತದೆ; ಪಟ್ಟಿ ಹಸಿಯಿದ್ದರೆ ಅದೇ ಕುಗ್ಗಿ ಹೊರಸು ಅಲುಗಾಡುತ್ತದೆ. ಮೇಲೆ ಹೆಣೆದ ಪುಂಡಿನಾರಿನ ಹಗ್ಗವೋ ನವಾರೋ ಎದುರುಬದುರಿನ ಪಟ್ಟಿಗಳನ್ನು ಒಳಕ್ಕೆಳೆದು ಕೂಡುಗಳನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಆದುದರಿಂದಲೇ ಹೊರಸಿಗೆ ಮೊಳೆ ಬೇಡ. ಹಗ್ಗ ಸಡಿಲಾದಾಗ ಎಳೆದು ಬಿಗಿದರೆ ಸಾಕು.

ಹೊಳಪಿಗೆ ಅಗಸೆ ಎಣ್ಣೆ ಉತ್ತಮ. ಅದು ಗಾಳಿಯ ಆಮ್ಲಜನಕದೊಡನೆ ಕೂಡಿ ಗಟ್ಟಿಯಾಗುತ್ತದೆ. ಶೇಂಗಾ ಎಣ್ಣೆ ಹಾಗೆ ಗಟ್ಟಿಯಾಗದೆ ಜಿಡ್ಡಾಗಿಯೇ ಉಳಿಯುತ್ತದೆ. ತೆಳುವಾಗಿ ಬಳಿದು, ಒರೆಸಿ, ಕೆಲವು ದಿನ ಆರಲು ಬಿಡಬೇಕು. ಒರೆಸಿದ ಅರಿವೆಯನ್ನು ಮುದ್ದೆಮಾಡಿ ಮೂಲೆಗೆಸೆಯಕೂಡದು. ಅದು ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಹುದು. ನೀರಿನಲ್ಲಿ ಅದ್ದಿ, ಬಯಲಿನಲ್ಲಿ ಹರವಬೇಕು.

ಈ ಕಾಯಕಕ್ಕೆ ನಮ್ಮ ಪರಂಪರೆಯಲ್ಲಿ ಹಿರಿದಾದ ಸ್ಥಾನವಿದೆ. ಹನ್ನೆರಡನೆಯ ಶತಮಾನದ ಶರಣ ಬಾಚಿಕಾಯಕದ ಬಸವಯ್ಯನ ಹೆಸರಿನಲ್ಲಿಯೇ ಬಡಗಿಯ ಆಯುಧ ನಿಂತಿದೆ. ಆತನೂ ಆತನ ಮಡದಿ ಕಾಳವ್ವೆಯೂ ವಚನಕಾರರು. ಆ ಬಾಚಿಗೆ ತಲೆಬಾಗುವ ನಾವು ಊರಿನ ಬಡಿಗೇರನ ಮನೆಯಲ್ಲಿ ಅದೇ ಬಾಚಿ ತುಕ್ಕು ಹಿಡಿಯುವುದನ್ನು ನೋಡಿ ಸುಮ್ಮನಿರುವುದು ಹೇಗೆ? ಕೆಲಸವಿಲ್ಲದೆ ಆತನ ಮಗ ಪಟ್ಟಣ ಸೇರಿದರೆ, ಯಾವ ಮರಕ್ಕೆ ಎಷ್ಟು ಹಸಿ ಇರಬೇಕೆಂದು ಕೈಮುಟ್ಟಿ ಹೇಳುವವರು ಆ ಊರಿನಲ್ಲಿ ಉಳಿಯುವುದಿಲ್ಲ. ಹೋದ ಮರವನ್ನು ಮತ್ತೆ ನೆಡಬಹುದು. ಕೈಯಿಂದ ಕೈಗೆ ಬಂದ ತಿಳಿವಳಿಕೆಯನ್ನು ಹಾಗೆ ನೆಡಲಾಗದು.

ಆದುದರಿಂದ ಮುಂದಿನ ಸಲ ನಿಮ್ಮ ಹಿತ್ತಲಿನಲ್ಲಿ ಮರವುರುಳಿದರೆ ಕಟ್ಟಿಗೆಯ ವ್ಯಾಪಾರಿಗೆ ಹೇಳಿಕಳುಹಿಸುವ ಮುನ್ನ ಬಡಿಗೇರರನ್ನು ಕರೆಯಿರಿ. ನ್ಯಾಯವಾದ ಕೂಲಿ ಕೊಡಿ. ಗರಗಸದ ಇನ್ನೊಂದು ತುದಿಯನ್ನು ಮನೆಯ ಮಕ್ಕಳ ಕೈಗೆ ಕೊಡಿ. ಬಿದ್ದ ಮರದ ಜಾಗದಲ್ಲಿ ಅದೇ ಮಳೆಗಾಲದಲ್ಲಿ ಒಂದು ಸಸಿಯನ್ನು ನೆಡಿಸಿ.