ಮರದರಿಶಿನ: ಮಳೆಕಾಡಿನ ಹಳದಿ ಬಳ್ಳಿ

ಈ ಬಳ್ಳಿಯ ಕಾಂಡ ಕತ್ತರಿಸಿ ನೋಡಿ, ಒಳಗೆಲ್ಲ ಅಚ್ಚ ಹಳದಿ! ಇದೇ ಮರದರಿಶಿನ. ಅಡುಗೆಮನೆಯ ಅರಿಶಿನಕ್ಕೆ ಇದು ನಂಟಲ್ಲ, ಅಮೃತಬಳ್ಳಿಯ ಕುಟುಂಬದ್ದು. ಪಶ್ಚಿಮಘಟ್ಟದ, ಶ್ರೀಲಂಕಾದ ಕಾಡುಗಳಲ್ಲಿ ದೊಡ್ಡ ಮರಗಳನ್ನು ತಬ್ಬಿ ಮೇಲೇರುತ್ತದೆ.

ಆ ಬಣ್ಣ, ಆ ಕಹಿ, ಎರಡೂ ಬರ್ಬೆರಿನ್ ಎಂಬ ರಾಸಾಯನಿಕದ್ದು. ಪ್ರಯೋಗಾಲಯದಲ್ಲಿ ಅದು ಹಲವು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ. ನಾಟಿ ವೈದ್ಯರು ಈ ಬಳ್ಳಿಯನ್ನು ಗಾಯಕ್ಕೆ, ಚರ್ಮರೋಗಕ್ಕೆ, ಸಕ್ಕರೆ ಕಾಯಿಲೆಗೆ ಕೊಡುತ್ತ ಬಂದಿದ್ದಾರೆ. ಶ್ರೀಲಂಕಾದವರು ಇದನ್ನು ವೆನಿವೆಲ್ ಎನ್ನುತ್ತಾರೆ. ಕೊತ್ತಂಬರಿ ಬೀಜದ ಜೊತೆ ಕುದಿಸಿ ನೆಗಡಿ-ಜ್ವರಕ್ಕೆ ಕುಡಿಯುತ್ತಾರೆ. ಗರ್ಭಿಣಿಯರಿಗೆ, ಹಸುಗೂಸುಗಳಿಗೆ ಮಾತ್ರ ಬೇಡವೇ ಬೇಡ.

ಸಂಕಟದ ಸಂಗತಿ ಕೇಳಿ. ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ; ಬೀಜ ಕಟ್ಟಲು ಎರಡೂ ಬೇಕು. ಹೂಬಿಡುವಷ್ಟು ಬಲಿಯಲು ಸುಮಾರು 15 ವರ್ಷ ಬೇಕು. ಔಷಧ ಇರುವುದು ಕಾಂಡದಲ್ಲೇ ಆದ್ದರಿಂದ, ಬೀಜ ಕಟ್ಟುವ ಮೊದಲೇ ಬಳ್ಳಿಗೆ ಕತ್ತಿ ಬೀಳುತ್ತದೆ. ದಕ್ಷಿಣ ಭಾರತದಲ್ಲಿ ಮರದರಿಶಿನ ಈಗ ಅಳಿವಿನಂಚಿನಲ್ಲಿದೆ.