ಅಜ್ಜಿ ಬಿಟ್ಟುಹೋದ ಕಳ್ಳಿ

ಮುಳ್ಳುಬೇಲಿಯ ಬಲ ನಮ್ಮ ಸೀಮೆಗೆ ಹೊಸದಲ್ಲ. 1792ರಲ್ಲಿ ಶ್ರೀರಂಗಪಟ್ಟಣದ ಮೇಲೆ ಬಂದ ಕಾರ್ನ್‌ವಾಲಿಸನ ಸೈನ್ಯವೂ ಮುಳ್ಳುಗಿಡಗಳ ದಟ್ಟ ಬೇಲಿಯನ್ನು ದಾಟಬೇಕಾಯಿತು. ನಾಗಮಂಗಲದ ಕಡೆಯ ಹೊಲದ ಬೇಲಿಯಿಂದ ಅಜ್ಜಿ ತಂದು ಕುಂಡದಲ್ಲಿ ನೆಟ್ಟ ಕಳ್ಳಿ ಈಗ ಆಳೆತ್ತರವಾಗಿ ನಿಮ್ಮ ಪಾಲಿಗೆ ಬಂದಿದೆಯೆನ್ನಿ. ಸವರುವ ಮುನ್ನ ಅದರ ಕುಲವನ್ನು ತಿಳಿಯಿರಿ.

ಅಮೆರಿಕದಿಂದ ಬಂದ ಪಾಪಾಸುಕಳ್ಳಿಯ ಮುಳ್ಳುಗಳು ಮೆತ್ತೆಯಂಥ ಸಣ್ಣ ಗುರುತುಗಳಿಂದ ಹೊರಡುತ್ತವೆ. ಗೀರಿದರೆ ಹಾಲು ಬಾರದು. ನಮ್ಮ ಚದುರಗಳ್ಳಿಯ ಕಾಂಡಕ್ಕೆ ಏಣುಗಳುಂಟು, ಮುಳ್ಳುಗಳು ಜೋಡಿಜೋಡಿ. ಗೀರಿದೊಡನೆ ಬಿಳಿಯ ಹಾಲು ಒಸರುತ್ತದೆ. ಆ ಹಾಲೇ ಅಪಾಯಕರ. ಅದು ಚರ್ಮದ ಮೇಲೆ ಬೊಬ್ಬೆ ಎಬ್ಬಿಸೀತು. ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುಂದು ತಂದೀತು.

ಆದುದರಿಂದ ಸವರುವಾಗ ಕೈಗವಸು, ಕನ್ನಡಕ ಧರಿಸಿ, ಮಕ್ಕಳನ್ನು ದೂರವಿರಿಸಿ. ಹಾಲು ಕಣ್ಣಿಗೆ ಸಿಡಿದರೆ ಉಜ್ಜದೆ, ಮನೆಮದ್ದು ಹಾಕದೆ, 15 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಶುದ್ಧ ನೀರಿನಿಂದ ತೊಳೆದು, ತಡಮಾಡದೆ ಕಣ್ಣಿನ ವೈದ್ಯರನ್ನು ಕಾಣಿರಿ.

ಉಳಿದ ಆರೈಕೆ ಸುಲಭ. ಬಿಸಿಲು ಬೀಳುವ ಸ್ಥಳ, ತಳದಲ್ಲಿ ತೂತಿರುವ ಭಾರವಾದ ಕುಂಡ. ಮಣ್ಣು ಒಣಗಿದ ಮೇಲೆಯೇ ನೀರು. ನೀರು ಹೆಚ್ಚಾದರೆ ಬೇರು ಕೊಳೆಯುತ್ತದೆ. ಕತ್ತರಿಸಿದ ತುಂಡನ್ನು ವಾರಕಾಲ ನೆರಳಿನಲ್ಲಿ ಒಣಗಿಸಿ ಮರಳುಮಣ್ಣಿನಲ್ಲಿ ಊರಿದರೆ ಮೊಮ್ಮಗಳಿಗೂ ಒಂದು ಗಿಡವಾದೀತು. ಗಿಡದೊಡನೆ ಈ ಎಚ್ಚರವನ್ನೂ ಅವಳಿಗೆ ಒಪ್ಪಿಸಿ.